ಹೊಂಗಳ್ಳಿಯ ವಕೀಲ ದಿಲ್ಲಿಯಲ್ಲಿ ಗೆದ್ದ ಕೇಸು

ಹೊಂಗಳ್ಳಿಯಲ್ಲಿ ಗುರುಮಲ್ಲಪ್ಪ ಅಂತ ಒಬ್ಬ ವಕೀಲನಿದ್ದ. ವಾದ ಅಂದರೆ ವಾದ! ಅವನು ಬಾಯಿ ತೆರೆದರೆ ಕೋರ್ಟಿನ ಫ್ಯಾನು ತಿರುಗೋದು ಬಿಟ್ಟು ಕೇಳುತ್ತಿತ್ತು. ಸುಳ್ಳು ಅನ್ನುವವರು ಹೋಗಿ ಆ ಫ್ಯಾನನ್ನೇ ವಿಚಾರಿಸಿ. ಬೆಳಿಗ್ಗೆ ಹಸು ಕಳಕೊಂಡವನ ಪರ ಗೆಲ್ಲುತ್ತಿದ್ದ, ಮಧ್ಯಾಹ್ನ ಇನ್ನೊಂದು ಕೇಸಿನಲ್ಲಿ ಹಸು ಕದ್ದವನ ಪರ ಗೆಲ್ಲುತ್ತಿದ್ದ. ಯಾರು ವಕಾಲತ್ತು ಕೊಟ್ಟರೋ ಅವರ ಕಡೆ. ಅದು ಕಸುಬು, ತಪ್ಪೇನಿಲ್ಲ.

ಆ ಸೀಮೆಗೆ ದೊಡ್ಡ ಅಣೆಕಟ್ಟೆ ಬರುತ್ತದೆ, ಹೊಂಗಳ್ಳಿ ಮುಳುಗುತ್ತದೆ ಅಂತ ಸುದ್ದಿಯಾಯಿತು. ಅವನ ಸೋದರತ್ತೆ ದುಂಡಮ್ಮ ಹಟ ಹಿಡಿದು ಅವನನ್ನು ಪಕ್ಷವೊಂದರಿಂದ ಚುನಾವಣೆಗೆ ನಿಲ್ಲಿಸಿದಳು. ಮನೆಮನೆ ಸುತ್ತಿ ಓಟು ಕೇಳಿದಳು. “ನಮ್ಮ ಹೈದ ದಿಲ್ಲೀಲಿ ಬಾಯಿ ತೆಗೆದ್ರೆ ಅಣೆಕಟ್ಟೆ ಮಾತೇ ಅಡಗೋಯ್ತದೆ ಕಣ್ರವ್ವಾ!”

ಗುರುಮಲ್ಲಪ್ಪ ಗೆದ್ದು ಲೋಕಸಭೆಗೆ ಹೋದ. ಅಣೆಕಟ್ಟೆಯ ಚರ್ಚೆಯೂ ಬಂತು. ಹಿಂದಿನ ದಿನ ಪಕ್ಷದ ಮುಖಂಡರು ಕರೆದರು.

“ಲಾಯರ್ ಸಾಹೇಬರೇ, ಅಣೆಕಟ್ಟೆ ಬೇಕೇ ಬೇಕು ಅಂತ ಪಕ್ಷದ ಪರ ನೀವೇ ಮಾತಾಡಬೇಕು. ನಿಮ್ಮಂಥ ಬಾಯಿ ಇನ್ಯಾರಿಗಿದೆ?”

ಒಂದು ಗಳಿಗೆ ಅವನಿಗೆ ಊರು ನೆನಪಾಯಿತು. ಆದರೆ ಕೈಗೆ ಕೇಸು ಬಂದಾಗಿತ್ತು. ಕೇಸು ಹಿಡಿದ ಮೇಲೆ ಸೋಲುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಎದ್ದು ಮಾತಾಡಿದ ನೋಡಿ, ವಿರೋಧ ಪಕ್ಷದವರೂ ಮೇಜು ಕುಟ್ಟಿದರು. ಆ ಸದ್ದಿಗೆ ಛಾವಣಿಯ ಪಾರಿವಾಳಗಳು ಬೆದರಿ ಹಾರಿ ಆಗ್ರಾದಲ್ಲಿ ಇಳಿದವಂತೆ. ಅಣೆಕಟ್ಟೆ ಮಂಜೂರಾಯಿತು.

ಅವನು ಊರಿಗೆ ಬಂದಾಗ ಜನ ಮನೆ ಖಾಲಿ ಮಾಡುತ್ತಿದ್ದರು. ದುಂಡಮ್ಮ ಬಾಗಿಲು ಬಿಚ್ಚಿಸಿ ಲಾರಿಗೆ ಏರಿಸುತ್ತಿದ್ದಳು.

“ಬಾ ಮಗ. ಬಲು ಚೆಂದಾಗಿ ಮಾತಾಡಿದ್ಯಂತೆ.”

“ಅಲ್ಲತ್ತೆ, ಪಕ್ಷದವರು ಒಪ್ಪಿಸಿದ್ದರು...”

“ಆಯ್ತು ಬುಡು. ಕೋರ್ಟಲ್ಲಿ ನೀನು ಒಂದು ಕಡೆ ನಿಂತ್ರೆ, ಆ ಕಡೀಕೂ ಒಬ್ಬ ಲಾಯರಿ ಇರ್ತಾನಲ್ವಾ?”

“ಇರ್ತಾನೆ.”

“ಅಲ್ಲಿ ನಮ್ಮ ಕಡೀಕೆ ಯಾರಿದ್ರು?”

ಗುರುಮಲ್ಲಪ್ಪ ಬಾಯಿ ತೆರೆದ. ಅತ್ತೆ ಲಾರಿ ಹತ್ತಿ ಕೂತಳು. ಲಾರಿ ಹೊರಟುಹೋಯಿತು.

ಮುಂದೆ ಅವನು ಮಂತ್ರಿಯೂ ಆದ, ಶಾಲು ಹಾರಗಳಿಗೆ ಲೆಕ್ಕವಿಲ್ಲ. ಆದರೆ ಹೊಂಗಳ್ಳಿಯವರು ತಮ್ಮ ಹೊಸ ಊರಿನ ಯಾವ ಮದುವೆಗೂ ಅವನನ್ನು ಕರೆಯಲಿಲ್ಲ. ಅತ್ತೆಗೆ ಏನು ಹೇಳಬೇಕಿತ್ತು ಅಂತ ಯೋಚಿಸುತ್ತಲೇ ಅವನು ಮುದುಕನಾದ.

ನೀತಿ: ನಿಮ್ಮನ್ನೇ ನಂಬಿದವರಿಗೆ ಬೇರೆ ದನಿ ಇರುವುದಿಲ್ಲ. ಅವರನ್ನು ಬಿಟ್ಟು ಎಷ್ಟು ಚೆನ್ನಾಗಿ ಮಾತಾಡಿದರೂ ಅದು ಗೆಲುವಲ್ಲ.