ಅಗಲದ ಟೈರು, ಸಣ್ಣ ಟ್ಯೂಬು

ವಿಜಯಪುರದ ನೀಲವ್ವ ಅಪ್ಪನ ಹಳೆಯ ರೇಸ್ ಸೈಕಲ್ಲನ್ನು ಪಂದ್ಯಕ್ಕೆ ಸಜ್ಜು ಮಾಡುತ್ತಿದ್ದಳು. ಅದರ ಅಗಲವಾದ ಟೈರಿಗೆ ಹೊಂದುವ ಟ್ಯೂಬು ಊರಿನಲ್ಲಿ ಸಿಗಲಿಲ್ಲ. ಈಗಿನ ಸೈಕಲ್ಲುಗಳ ಸಣ್ಣ ಟ್ಯೂಬನ್ನೇ ಎಳೆದು ಕೂರಿಸಿ ಗಾಳಿ ತುಂಬತೊಡಗಿದಳು.

ಟ್ಯೂಬು ಟೈರಿಗೆ ಹೇಳಿತು: "ಅಣ್ಣಾ, ನಾನು ನಿನ್ನ ಅಳತೆಯವನಲ್ಲ. ನಿನ್ನನ್ನು ತುಂಬಬೇಕಾದರೆ ನಾನು ಹಾಳೆಯಷ್ಟು ತೆಳ್ಳಗಾಗಬೇಕು. ನೀನು ಸ್ವಲ್ಪ ಸಡಿಲವಾಗಿ ನಿಲ್ಲು. ಒತ್ತಿ ನೋಡಿದಾಗ ನಾನು ಹೊಂದುವುದಿಲ್ಲವೆಂದು ಅವಳಿಗೇ ತಿಳಿಯುತ್ತದೆ."

"ಸಡಿಲವಾದರೆ ನನ್ನನ್ನು ಪಂದ್ಯಕ್ಕೆ ಒಯ್ಯುವುದಿಲ್ಲ," ಎಂದಿತು ಟೈರು. "ಎಷ್ಟೋ ವರ್ಷ ಗೋಡೆಗೆ ನೇತುಬಿದ್ದಿದ್ದೇನೆ. ನೀನು ಹಿಗ್ಗು. ಒಳಗೆ ನೀನು ಹೇಗಿದ್ದೀಯೆಂದು ಹೊರಗಿನವರಿಗೆ ಕಾಣುವುದಿಲ್ಲ."

ಟ್ಯೂಬು ಹಾಳೆಯಷ್ಟು ತೆಳ್ಳಗಾಗಿ ಹಿಗ್ಗಿತು. ನೀಲವ್ವ ಹೆಬ್ಬೆರಳಿನಿಂದ ಒತ್ತಿದಾಗ ಟೈರು ಬಿಗಿಯಾಗಿ ನಿಂತಿತು.

ಪಂದ್ಯದಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಇಳಿಜಾರಿನಲ್ಲಿ ಟ್ಯೂಬು ಸಿಡಿಯಿತು. ನೀಲವ್ವ ರಸ್ತೆಗೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಳು. ಗಾಳಿಯಿಲ್ಲದ ಟೈರನ್ನು ಚಕ್ರದ ಅಂಚೇ ಕತ್ತರಿಸಿಹಾಕಿತು.

ಜನ ಅವಳನ್ನು ಎತ್ತಿಕೊಂಡು ಹೋದ ಮೇಲೆ ಟೈರು ಮೆಲ್ಲಗೆ ಹೇಳಿತು: "ತಮ್ಮಾ, ಅವಳಿಗೆ ತಿಳಿಯಲು ನಾನು ಬಿಡಬೇಕಾಗಿತ್ತು."

ಟ್ಯೂಬಿನಲ್ಲಿ ಉಸಿರು ಉಳಿದಿರಲಿಲ್ಲ.