ಬ್ಯಾಟರಿ ಕೇಳಿದ ದಾರಿ

ಬಹಳ ಹಿಂದೆ, ಇಸವಿ ಮಾತ್ರ ಕೇಳಬೇಡಿ, ಹುಣಸಿಕಟ್ಟಿ ಕ್ರಾಸು ಅನ್ನುವ ಒಂದು ಊರಲ್ಲಿ ದಾವಲಸಾಬ ಅಂತ ಒಬ್ಬ ಬ್ಯಾಟರಿ ರಿಪೇರಿಯವನಿದ್ದ. ಎಲ್ಲರ ಬಾಯಲ್ಲೂ ದಾವಲಜ್ಜ. ಸತ್ತ ಬ್ಯಾಟರಿಗೆ ಕಿವಿ ಹಚ್ಚಿದರೆ ಅದು ಯಾವ ಅಮಾವಾಸ್ಯೆಗೆ ಸತ್ತಿತು ಅಂತ ಹೇಳುತ್ತಿದ್ದನಂತೆ. ಅವನು ಬ್ಯಾಟರಿ ಹಾಕಿದ ಗಾಡಿಯೊಂದು ಕಾಲುವೆಗೆ ಬಿದ್ದಾಗ, ಮೇಲೆತ್ತುವ ತನಕ ಮೂರು ದಿನ ನೀರೊಳಗಿಂದ ಹಾರ್ನ್ ಕೇಳಿಸಿತಂತೆ. ನಾನು ಸಣ್ಣವನಿದ್ದಾಗ ಒಂದು ದಿನ ಅನ್ನುತ್ತಿದ್ದರು, ಈಗ ಮೂರಾಗಿದೆ. ನಿಮ್ಮ ಕಾಲಕ್ಕೆ ಏಳಾದರೂ ಆದೀತು.

ಅದಿರಲಿ. ಖರೆ ಮಾತೆಂದರೆ, ಹೊಸ ಬ್ಯಾಟರಿ ಬೇಕು ಅಂತ ಯಾರೇ ಬಂದರೂ ದಾವಲಜ್ಜ ಕೂಡಲೇ ಕೊಡುತ್ತಿರಲಿಲ್ಲ. ಅಂಗಡಿಗೆ ಬೀಗ ಹಾಕಿ, ಬಂದವನ ಗಾಡಿಯ ಹಿಂದೆ ಕೂತು, ಒಂದು ದಿನ ಪೂರ್ತಿ ಅವನು ಹೋದಲ್ಲೆಲ್ಲ ಹೋಗುತ್ತಿದ್ದನಂತೆ. ಎಷ್ಟು ಸಲ ನಿಲ್ಲಿಸುತ್ತಾನೆ, ಎಷ್ಟು ದೂರ ಓಡಿಸುತ್ತಾನೆ, ಎಮ್ಮೆ ಅಡ್ಡ ಬಂದರೆ ಎಷ್ಟು ಹಾರ್ನ್ ಬಾರಿಸುತ್ತಾನೆ, ಎಲ್ಲ ನೋಡಬೇಕು. ಬ್ಯಾಟರಿಯನ್ನು ಬರೀ ಗಾಡಿ ನೋಡಿ ಆರಿಸಬಾರದು, ಗಾಡಿಯವನ ದಿನ ನೋಡಿ ಆರಿಸಬೇಕು ಅನ್ನುತ್ತಿದ್ದನಂತೆ. ಅವಸರದವರು ಬೈದುಕೊಂಡು ಪ್ಯಾಟೆಗೆ ಹೋಗುತ್ತಿದ್ದರು, ವರ್ಷ ತುಂಬುವುದರೊಳಗೆ ತಿರುಗಿ ಬರುತ್ತಿದ್ದರು.

ಹಾಗೆ ತಿರುಗಿ ಬಂದವರಲ್ಲಿ ಹಡಪದ ಗ್ಯಾನಪ್ಪ ಒಬ್ಬ. ಗ್ಯಾನಪ್ಪ ಕ್ಷೌರದವನು. ಗಾಡಿಗೆ ಪೆಟ್ಟಿಗೆ ಕಟ್ಟಿಕೊಂಡು ಮ್ಯಾಗಳಹಟ್ಟಿ ಅನ್ನುವ ಹಳ್ಳಿಯ ಓಣಿ ಓಣಿಗೆ ಹೋಗಿ, ಮನೆ ಮುಂದೆಯೇ ಗಡ್ಡ ಹೆರೆದು ಬರುತ್ತಿದ್ದ. ಹಿಂದೊಮ್ಮೆ ಬಾವಿಗೆ ಬಿದ್ದು ಅವನ ಬಲ ಮೊಣಕಾಲು ಕೆಟ್ಟಿತ್ತು. ಬ್ರೇಕ್ ತುಳಿಯಲು ಸಾಕು, ಕಿಕ್ ಹೊಡೆಯಲು ಸಾಲದು. ಗುಂಡಿ ಒತ್ತಿಯೇ ಗಾಡಿ ಚಾಲೂ ಮಾಡಬೇಕು. ಬ್ಯಾಟರಿ ಸತ್ತರೆ ಯಾರಾದರೂ ತಳ್ಳಬೇಕು.

ತಳ್ಳುತ್ತಿದ್ದರು. ಒಂದು ಓಣಿಯವರು ತಳ್ಳಿದರೆ ಇನ್ನೊಂದು ಓಣಿ ಮುಟ್ಟುತ್ತಿದ್ದ, ಅಲ್ಲಿಯವರು ಮತ್ತೆ ತಳ್ಳುತ್ತಿದ್ದರು. ಆದರೆ ತಳ್ಳಿದ ಕೈಗೆ ಬಾಯಿಯೂ ಇರುತ್ತದೆ, ನೋಡಿ. ಗ್ಯಾನಪ್ಪನನ್ನು ಅಂದು ಬಾವಿಯಿಂದ ಎತ್ತಿ ಬದುಕಿಸಿದವನು ಕೆಳಗಿನ ಕೇರಿಯ ದುರಗಪ್ಪ. ಆ ಕೇರಿಯವರಿಗೆ ಹಡಪದವರು ಕತ್ತಿ ಹಚ್ಚಬಾರದು ಅಂತ ಮ್ಯಾಗಳಹಟ್ಟಿಯ ಕಟ್ಟುಪಾಡು. ದುರಗಪ್ಪ ಈಗ ಹಣ್ಣು ಮುದುಕನಾಗಿ ಹಾಸಿಗೆ ಹಿಡಿದಿದ್ದ, ಗಡ್ಡ ಎದೆಗಿಳಿದಿತ್ತು. ಸಾಯುವುದರೊಳಗೆ ಒಮ್ಮೆ ಬಂದು ಹೋಗು ಅಂತ ಹೇಳಿ ಕಳಿಸಿದ್ದ. ಬರುತ್ತೇನೆ ಅಂದಿದ್ದ ಗ್ಯಾನಪ್ಪ. ಅಲ್ಲಿಗೆ ಹೋದರೆ ನಾಳೆಯಿಂದ ನಿನ್ನ ಗಾಡಿಗೆ ಯಾರೂ ಕೈ ಹಚ್ಚುವುದಿಲ್ಲ ಅಂದರಂತೆ ಹಟ್ಟಿಯ ಹಿರಿಯರು. ಗ್ಯಾನಪ್ಪ ಹೋಗಲಿಲ್ಲ. ಅಂದಿನಿಂದ ಉಂಡ ಅನ್ನ ಅವನ ಮೈಗೆ ಹತ್ತಲಿಲ್ಲ.

ಪ್ಯಾಟೆಯಲ್ಲಿ ಹೊಸ ಬ್ಯಾಟರಿ ಹಾಕಿಸಿದ, ನಾಲ್ಕು ತಿಂಗಳಿಗೆ ಸತ್ತಿತು. ದೊಡ್ಡದು ಹಾಕಿಸು ಅಂದರು. ದೊಡ್ಡದು ಅದರ ಜಾಗದಲ್ಲಿ ಕೂರಲಿಲ್ಲ, ಹಗ್ಗ ಹಾಕಿ ಬಿಗಿದ. ಆಸಿಡ್ ತುಳುಕಿ ಧೋತರ ತೂತು ಬಿದ್ದು ಜಾಳಿಗೆಯಾಯಿತು, ಬ್ಯಾಟರಿಯೂ ಉಳಿಯಲಿಲ್ಲ. ಆಗ ದಾವಲಜ್ಜನ ಅಂಗಡಿ ನೆನಪಾಯಿತು.

ದಾವಲಜ್ಜ ಬೀಗ ಹಾಕಿ ಹಿಂದೆ ಕೂತ. ಅವತ್ತು ಹನ್ನೊಂದು ಸಲ ಗಾಡಿ ನಿಂತಿತಂತೆ, ಹನ್ನೊಂದು ಸಲ ತಳ್ಳಿದರಂತೆ, ಅಜ್ಜನೂ ಇಳಿದು ತಳ್ಳಿದನಂತೆ. ಸಂಜೆ ಹಟ್ಟಿ ಬಿಟ್ಟು ಮನೆಗೆ ಹೊರಳುವಾಗ ದಾರಿ ಎರಡಾಗುವಲ್ಲಿ ಗ್ಯಾನಪ್ಪ ಗಾಡಿ ನಿಧಾನ ಮಾಡಿದ, ಎಡಕ್ಕೆ ನೋಡಿದ, ಬಲಕ್ಕೆ ತಿರುಗಿಸಿದ. ಬಲಕ್ಕೆ ಹತ್ತಿರದ ಒಳದಾರಿ. ಎಡಕ್ಕೆ ಕೆಳಗಿನ ಕೇರಿ ಸುತ್ತಿ ಬರುವ ಮೂರು ಹರದಾರಿಯ ದೂರದ ದಾರಿ. ಆ ಕಡೆ ಏನೈತಿ ಅಂತ ಅಜ್ಜ ಕೇಳಿದ. ಹಿಂದೆ ಕೂತು ಮುಖ ಕಾಣದವನಿಗೆ ಮನಸ್ಸಿನ ಮಾತು ಹೇಳುವುದು ಸುಲಭ. ಗ್ಯಾನಪ್ಪ ಮುಂದೆ ನೋಡುತ್ತಲೇ ಎಲ್ಲ ಹೇಳಿದನಂತೆ, ಹೇಳುತ್ತಲೇ ಅತ್ತನಂತೆ.

ಮರುದಿನ ದಾವಲಜ್ಜ ಅವನ ಗಾಡಿಗೆ ಎಷ್ಟು ಬೇಕೋ ಅಷ್ಟೇ ಅಳತೆಯ ಬ್ಯಾಟರಿ ಆರಿಸಿದ. ಇನ್ನೂ ದೊಡ್ಡದು ಇಲ್ಲವೇ ಅಂತ ಗ್ಯಾನಪ್ಪ ಅಂಜುತ್ತ ಕೇಳಿದ.

"ಹಂಡೆ ದೊಡ್ಡದಾದ್ರ ನೀರು ಹೆಚ್ಚಾಗತೈತೇನೋ ತಮ್ಮಾ? ನೀ ದಿನಾ ನಾಕು ತಂಬಿಗಿ ತಗೀತಿ, ಒಂದು ಹಾಕ್ತಿ."

ಓಣಿಯಿಂದ ಓಣಿಗೆ ಹೋಗುವಷ್ಟರಲ್ಲಿ ಯಾವ ಬ್ಯಾಟರಿಯೂ ತುಂಬುವುದಿಲ್ಲ, ಅದಕ್ಕೆ ಉದ್ದನೆಯ ಓಟ ಬೇಕು ಅಂತ ಬಿಡಿಸಿ ಹೇಳಿದ. ಸಣ್ಣ ಉರಿಯಲ್ಲಿ ಹಾಲು ಕಾಯಿಸಿದಂತೆ ಒಂದು ದಿನ ಪೂರ್ತಿ ಮೆಲ್ಲಗೆ ಚಾರ್ಜ್ ಮಾಡಿದ. ಕೊಡುವಾಗ ಒಂದೇ ಕರಾರು ಹಾಕಿದ. ದಿನಾ ಕೆಲಸ ಮುಗಿದ ಮೇಲೆ ಎಡಗಡೆಯ ದಾರಿಯಲ್ಲೇ ಮನೆಗೆ ಹೋಗಬೇಕು.

ಹಟ್ಟಿಯ ಹಿರಿಯರು ಸುಮ್ಮನಿರುತ್ತಾರೆಯೇ? ಕ್ರಾಸಿಗೇ ಬಂದು ಜಗಳ ತೆಗೆದರು. ಕಾಲುವೆ ದಂಡೆಯ ದಾರಿಯೂ ಅಷ್ಟೇ ಉದ್ದವಿದೆ, ಆ ಕಡೆ ಹೋಗಲಿ ಅಂದರು. ಅಲ್ಲಿ ತಗ್ಗು ದಿನ್ನೆ ಬಹಳ, ಬ್ಯಾಟರಿಯೊಳಗಿನ ಪ್ಲೇಟು ಅಲುಗಾಡಿ ಉದುರುತ್ತವೆ ಅಂದ ದಾವಲಜ್ಜ. ನಾನೇನು ಹೇಳಲಿ, ಬ್ಯಾಟರಿ ಆ ದಾರಿ ಕೇಳುತ್ತಿದೆ ಅಂದ. ಬ್ಯಾಟರಿಯ ಜೊತೆ ವಾದ ಮಾಡಲು ಯಾರಿಗೆ ಬರುತ್ತದೆ? ಗೊಣಗಿಕೊಂಡು ತಿರುಗಿ ಹೋದರು.

ಎಂಟು ದಿನ ಗ್ಯಾನಪ್ಪ ಕೇರಿಯ ಮುಂದೆ ಹಾದು ಹೋದ. ನಿಲ್ಲಿಸಲು ಎದೆ ಸಾಲಲಿಲ್ಲ. ಆದರೆ ಹಟ್ಟಿಯಲ್ಲಿ ಗುಂಡಿ ಒತ್ತಿದ ಕೂಡಲೇ ಗಾಡಿ ಚಾಲೂ ಆಗುತ್ತಿತ್ತು, ತಳ್ಳಲು ಬಂದವರು ಬಂದ ದಾರಿ ಹಿಡಿಯುತ್ತಿದ್ದರು. ಒಂಬತ್ತನೆಯ ದಿನ ಕೇರಿಯ ಮುಂದೆ ಗಾಡಿ ಬಂದ್ ಮಾಡಿದ. ದುರಗಪ್ಪನನ್ನು ಮನೆಯವರು ಎತ್ತಿ ಹಗ್ಗದ ಹೊರಸಿನ ಮೇಲೆ ಕೂರಿಸಿದರು. ಗ್ಯಾನಪ್ಪ ಆ ಗಡ್ಡವನ್ನು ಬಿಸಿನೀರಲ್ಲಿ ನೆನೆಸಿ ನೆನೆಸಿ ಹೆರೆದ, ಕಿವಿಯ ಕೂದಲನ್ನೂ ಬಿಡಲಿಲ್ಲ. ಮುದುಕ ಎರಡೂ ಕೆನ್ನೆ ಸವರಿಕೊಂಡ.

"ನನ್ನ ಮಾರಿ ನನಗ ಸಿಕ್ತು ನೋಡಪಾ" ಅಂದನಂತೆ.

ಗ್ಯಾನಪ್ಪ ಹೊರಗೆ ಬಂದರೆ, ಕೇರಿಯ ಹೆಣ್ಣು ಗಂಡು ಅಷ್ಟೂ ಜನ ಗಾಡಿಯ ಹಿಂದೆ ಕೈ ಹಚ್ಚಿ ನಿಂತಿದ್ದರು. ಆ ಗಾಡಿ ತಳ್ಳದೆ ಓಡುವುದಿಲ್ಲ ಅಂತ ಸುತ್ತ ಹತ್ತು ಹಳ್ಳಿಗೆ ಗೊತ್ತಿತ್ತಲ್ಲ. ಬೇಡ್ರವ್ವಾ, ತಾನೇ ಚಾಲೂ ಆಗುತ್ತದೆ ಅಂದ ಗ್ಯಾನಪ್ಪ. ಗುಂಡಿ ಒತ್ತಿದ. ಒಂದೇ ಸಲಕ್ಕೆ ಹತ್ತಿತು. ಆದರೂ ಹತ್ತು ಹೆಜ್ಜೆ ಅವರು ಕೈ ತೆಗೆಯಲಿಲ್ಲ, ಇವನೂ ಜೋರು ಮಾಡಲಿಲ್ಲ.

ಹಟ್ಟಿಯವರು ಸಿಟ್ಟಿನಿಂದ ಹದಿನೈದು ದಿನ ಅವನಿಗೆ ಬಾಗಿಲು ಮುಚ್ಚಿದರು. ಗಡ್ಡಕ್ಕೆ ಕಟ್ಟುಪಾಡು ಗೊತ್ತೇ? ಬೆಳೆಯಿತು, ಕಡಿಯಿತು, ಬಾಗಿಲು ತೆರೆದವು. ಮುಂದೆ ಎಷ್ಟೋ ವರ್ಷಕ್ಕೆ ಓದಿದ ಮೆಕ್ಯಾನಿಕ್ ಒಬ್ಬ ಬಂದು, ಆ ಬ್ಯಾಟರಿಗೆ ಕಾಲುವೆಯ ದಾರಿಯೂ ನಡೆಯುತ್ತಿತ್ತು, ಅಷ್ಟಕ್ಕೆಲ್ಲ ಪ್ಲೇಟು ಉದುರುವುದಿಲ್ಲ ಅಂದನಂತೆ. ಅಷ್ಟರಲ್ಲಿ ದಾವಲಜ್ಜ ಮಣ್ಣಾಗಿದ್ದ, ಯಾರನ್ನು ಕೇಳುವುದು?

ಇವತ್ತಿಗೂ ಆ ಸೀಮೆಯಲ್ಲಿ ಹೊಸ ಬ್ಯಾಟರಿ ಹಾಕಿಸಿದವರು ನೆಟ್ಟಗೆ ಮನೆಗೆ ಹೋಗುವುದಿಲ್ಲ. ಎಡಗಡೆಯ ದಾರಿ ಹಿಡಿದು ಕೆಳಗಿನ ಕೇರಿಯ ಮುಂದೆ ಗಾಡಿ ಬಂದ್ ಮಾಡುತ್ತಾರೆ, ಅಲ್ಲಿ ಯಾರದಾದರೂ ಮನೆಯಲ್ಲಿ ಚಹಾ ಕುಡಿಯುತ್ತಾರೆ, ಆಮೇಲೆ ಗುಂಡಿ ಒತ್ತುತ್ತಾರೆ. ಗಾಡಿ ತಾನಾಗಿಯೇ ಹತ್ತುತ್ತದೆ. ಆದರೂ ಹಿಂದಿನಿಂದ ನಾಲ್ಕು ಕೈ ಬಂದು ಕೂಡುತ್ತವೆ, ಹಟ್ಟಿಯ ಆ ಹಿರಿಯರ ಮೊಮ್ಮಕ್ಕಳ ಗಾಡಿಗೂ.