ಕಾಗದದ ಕೂಸಿಗೆ ನೀರೆರೆದದ್ದು

ಒಂದಾನೊಂದು ಊರು. ಆ ಊರಲ್ಲಿ ಮದುಮಕ್ಕಳ ಹಣೆಗೆ ಕಾಗದದ ಬಾಸಿಂಗ ಮಾಡಿಕೊಡೋ ಸಣ್ಣೀರಮ್ಮ ಅಂತ ಒಬ್ಬಳಿದ್ದಳಂತೆ. ತಲೆಕೂದಲು ಬೆಳ್ಳಗಾಗ್ತಾ ಬಂದರೂ ಮಡಿಲು ತುಂಬಲಿಲ್ಲ. ಯಾರ ಮನೇಲಿ ತೊಟ್ಟಿಲು ಕಟ್ಟಿದರೂ ಇವಳು ಹೊಸಿಲಾಚೆ. ಬಾಸಿಂಗ ಬೇಕು, ಮಾಡಿದ ಕೈ ಬೇಡ. ಹೆಂಗಿದೆ ನೋಡಿ ನ್ಯಾಯ!

ಮಿಕ್ಕ ಕಾಗದ ಇರ್ತಿತ್ತಲ್ಲ, ಅದನ್ನ ಕೂತು ಮಡಿಸೋದೇ ಅವಳ ಗೀಳು. ಕತ್ತರಿ ಇಲ್ಲ, ಅಂಟು ಇಲ್ಲ. ಮಡಿಸಿದರೆ ಆನೆ, ಮಡಿಸಿದರೆ ಮೊಲ, ಮಡಿಸಿದರೆ ನವಿಲು. ಒಂದು ದಿನ ಜಿಂಕೆಮರಿ ಮಡಿಸಿ, ಹೊಟ್ಟೆ ಉಬ್ಬಲಿ ಅಂತ ಉಸಿರು ಊದಿದಳಂತೆ. ಮರಿ ಕಿವಿ ಅಲ್ಲಾಡಿಸಿ, "ಅವ್ವಾ, ನನ್ನ ನೀರಿಗೆ ಮಾತ್ರ ಕೊಡಬೇಡ" ಅಂದಿತಂತೆ.

ಕೊಡೋದುಂಟೇ? ಹಳೇ ಸೀರೆ ಹರಿದು ಸುತ್ತಿದಳು, ಮೊರದಲ್ಲಿ ಮಲಗಿಸಿದಳು, ಜೋಗುಳ ಹಾಡಿದಳು.

ಜೋಗುಳ ಕಿವಿಗೆ ಬಿದ್ದದ್ದೇ ತಡ, ಕೇರಿ ಹೆಂಗಸರಿಗೆ ಅನ್ನ ಸೇರಲಿಲ್ಲ.

"ಹೊಟ್ಟೆ ಬರಲಿಲ್ಲ, ಸೂಲಗಿತ್ತಿ ಬರಲಿಲ್ಲ, ಕೂಸೆಲ್ಲಿಂದ ಬಂತೇ?"

"ಗಂಡ ಸಂತೆಗೆ ಹೋದಾಗೆಲ್ಲ ಬಾಗಿಲು ಹಾಕ್ಕೊಂತಿದ್ದಳಲ್ಲ, ಈಗ ಗೊತ್ತಾಯ್ತು ಬಿಡು!"

ಕೇರಿಗೆ ದೊಡ್ಡಾಕೆ ಓಬಳಮ್ಮ ಮುಂದೆ, ಮಿಕ್ಕವರು ಹಿಂದೆ, ಬಾಗಿಲು ತಳ್ಳಿದರಂತೆ. ನೋಡಿದರೆ ಜಿಂಕೆಮರಿ! ಬಿದ್ದು ಬಿದ್ದು ನಕ್ಕರು. ಮರಿ ಹೆದರಿ "ಅವ್ವಾ" ಅಂತು. ನಗ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರಂತೆ.

"ಅವ್ವ ಅಂದುಬಿಡ್ತಲ್ಲೇ! ಹಂಗಾದರೆ ಕೂಸೇ," ಅಂದಳು ಓಬಳಮ್ಮ. ಸೀರೆ ಮೇಲಕ್ಕೆತ್ತಿ ಬಚ್ಚಲಲ್ಲಿ ಕಾಲು ಚಾಚಿ ಕೂತಳು. "ತಾರೇ, ನೀರು ಹಾಕೋಣ. ನನ್ನ ಕಾಲ ಮೇಲೆ ಮಲಗದ ಕೂಸು ಈ ಕೇರಿಗೆ ಸೇರಲ್ಲ."

"ಬೇಡ ಅಕ್ಕಯ್ಯ, ಕಾಗದದ ಮೈ."

"ಯಾವ ಕೂಸಿನ ಮೈ ಗಟ್ಟಿ ಇರ್ತದೆ? ಕೊಡೇ ಬಾಣಂತಿ."

ಬಾಣಂತಿ! ಜನ್ಮದಲ್ಲಿ ಒಬ್ಬರೂ ಅವಳನ್ನ ಹಂಗೆ ಕರೆದಿರಲಿಲ್ಲ. ಬೇಡ ಬೇಡ ಅಂತಿದ್ದ ಕೈಯೇ ಮರೀನ ಮುಂದಕ್ಕೆ ಚಾಚಿತಂತೆ.

ಒಂದು ಚೊಂಬು ಹುಯ್ದರು, ಕಿವಿ ಜೋತಿತು. "ಸಾಕು ಅಕ್ಕಯ್ಯ" ಅನ್ನೋದರೊಳಗೆ ಇನ್ನೊಂದು ಚೊಂಬು. ಕಾಲು ಬಿಚ್ಚಿಕೊಂಡವು. ಓಬಳಮ್ಮನ ಕಾಲ ಮೇಲೆ ಬರೀ ಒದ್ದೆ ಕಾಗದ.

ಸಣ್ಣೀರಮ್ಮ ಅಳಲಿಲ್ಲವಂತೆ. ಕಾಗದ ಹರಡಿ, ತೀಡಿ, ಬಿಸಿಲಿಗೆ ಹಾಕಿದಳು. ಒಣಗಿತು. ಹಳೇ ಗೆರೆ ಹಿಡಿದೇ ಮತ್ತೆ ಮಡಿಸಿದಳು. ಉಸಿರು ಊದಿದಳು. ಊದಿದಳು, ಊದಿದಳು, ಹೊತ್ತು ಮುಳುಗೋ ತನಕ ಊದಿದಳು. ಮರಿ ಸುಮ್ಮನಿತ್ತು.

ಓಬಳಮ್ಮ ಬಾಣಂತಿ ಖಾರ ಕುಟ್ಟಿ ತಂದವಳು, ಒಳಗೆ ಬರೋಕೆ ಮುಖವಿಲ್ಲದೆ ಹೊಸಿಲಲ್ಲೇ ಇಟ್ಟು ಹೋದಳಂತೆ.

ಅವತ್ತಿನಿಂದ ಆ ಊರಲ್ಲಿ ತಾಯಿ ಒಂದು ಸಲ ಬೇಡ ಅಂದರೆ ಸಾಕು, ಅವಳ ಕೂಸಿಗೆ ಯಾರೂ ಕೈ ಚಾಚೋಲ್ಲವಂತೆ. ಸಣ್ಣೀರಮ್ಮನ ಸಂಕಟ ಅವಳ ಮನೇಲೇ ಉಳೀತು, ಕಥೆ ಮಾತ್ರ ನಡಕೊಂಡು ನಮ್ಮ ಜಗಲಿಗೆ ಬಂತು.